ಸಾವಿರ ರೂಪಾಯಿಯೊಳಗಿನ ವೈನ್: ಶಿವಮೊಗ್ಗದಲ್ಲಿ ಕೆಲವು ವರ್ಷ ಕೊಂಡು ಕುಡಿದ ಮೇಲೆ

ಶಿವಮೊಗ್ಗದಲ್ಲಿ ವೈನ್ ಕೊಳ್ಳುವವರು ಕಂಪನಿಯ ಹೆಸರಿಗಿಂತ ಮೊದಲು ಅಂಗಡಿಯನ್ನು ನೋಡಬೇಕು. ಕೆಲವು ವರ್ಷಗಳಿಂದ ಮನೆಗೆ ವೈನ್ ತರುತ್ತಿರುವ ನನಗೆ ಗಟ್ಟಿಯಾಗಿ ಹೇಳಬೇಕು ಅನಿಸುವುದು ಇದನ್ನೇ. ಎಷ್ಟೇ ಒಳ್ಳೆಯ ವೈನರಿಯ ಬಾಟಲಿ ಇರಲಿ, ಕಾದ ಶೆಲ್ಫಿನ ಮೇಲೆ ಎರಡು ಬೇಸಿಗೆ ಕಳೆದರೆ ಅದರಲ್ಲಿ ರುಚಿ ಉಳಿಯುವುದಿಲ್ಲ. ಸಾಧಾರಣ ಬೆಲೆಯದ್ದೇ ಆದರೂ ಹೊಸ ಮಾಲು ಸಿಕ್ಕರೆ ರಾತ್ರಿ ಊಟಕ್ಕೆ ಕಳೆ ಬರುತ್ತದೆ.

ನನ್ನ ಮಿತಿ 750 ಎಂಎಲ್ ಬಾಟಲಿಗೆ ಸಾವಿರ ರೂಪಾಯಿ. 150 ಎಂಎಲ್‌ನಂತೆ ಸುರಿದರೆ ಐದು ಲೋಟ ಆಗುತ್ತದೆ. ಕುಡಿಯುವವರು ನಾನು, ನನ್ನ ಹೆಂಡತಿ ಇಬ್ಬರೇ. ಶನಿವಾರ ತೆರೆದರೆ ಸೋಮವಾರವೋ ಮಂಗಳವಾರವೋ ಮುಗಿಯುತ್ತದೆ. ಹಬ್ಬಕ್ಕೆ, ಉಡುಗೊರೆಗೆ ಕೊಳ್ಳುವ ದುಬಾರಿ ಬಾಟಲಿಗಳ ಮಾತು ಇಲ್ಲಿಲ್ಲ.

ದುರ್ಗಿಗುಡಿ, ಬಿ.ಎಚ್. ರಸ್ತೆ, ಸವಳಂಗ ರಸ್ತೆ, ಎಲ್ಲಿ ಹೋದರೂ ಓಡುವ ಮಾಲು ವಿಸ್ಕಿ, ಬ್ರಾಂದಿ, ರಮ್, ಬಿಯರ್. ವೈನ್‌ಗೆ ಸಿಗುವುದು ಮೇಲಿನ ಒಂದು ಸಾಲು. ಬೇಗ ಖರ್ಚಾಗದ್ದು ಅಲ್ಲೇ ಕೂತಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು 35 ಡಿಗ್ರಿ ದಾಟುತ್ತದೆ ಅಲ್ವಾ? ಆ ಬಿಸಿಗೆ ಬಾಟಲಿಯೊಳಗಿನ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗಿ, ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಾ ಹೀಗೇ ನಡೆದರೆ ಹಣ್ಣಿನ ವಾಸನೆ ಹೋಗಿ, ಕುದಿಸಿಟ್ಟ ಜಾಮಿನ ವಾಸನೆ ಉಳಿಯುತ್ತದೆ. ಟ್ಯೂಬ್‌ಲೈಟಿಗೆ ತಾಗಿ ನಿಂತ ಬಾಟಲಿಗೆ ಬೆಳಕಿನ ಕಾಟವೂ ಸೇರಿಕೊಳ್ಳುತ್ತದೆ.

ಹಾಗಾಗಿ ಬಾಟಲಿಯನ್ನು ಕೈಗೆ ತೆಗೆದುಕೊಂಡೇ ನೋಡಬೇಕು. ಕಾರ್ಕ್ ಇದ್ದರೆ ಮೇಲಿನ ಹೊದಿಕೆಯ ಮೇಲೆ ಬೆರಳಾಡಿಸಿ. ಉಬ್ಬಿದ ಹಾಗಿದ್ದರೆ, ಅಂಚಿನಲ್ಲಿ ಅಂಟಂಟಾದ ಕಪ್ಪು ಗೆರೆ ಇದ್ದರೆ, ಒಳಗಿನದು ಒಮ್ಮೆ ಹೊರಗೆ ಜಿನುಗಿದೆ ಎಂದು ಅರ್ಥ. ಅದನ್ನು ಅಲ್ಲೇ ಇಡಿ. ಪಕ್ಕದಲ್ಲಿರುವ ಅದೇ ವೈನಿನ ಬಾಟಲಿಗಳ ಜೊತೆ ಕುತ್ತಿಗೆಯಲ್ಲಿ ವೈನ್ ನಿಂತ ಮಟ್ಟ ಹೋಲಿಸಿ. ಒಂದರಲ್ಲಿ ಮಾತ್ರ ಕೆಳಗೆ ಇಳಿದಿದ್ದರೆ ಅದೂ ಬೇಡ. ಬಿಳಿ ವೈನ್ ಆದರೆ ಬಾಗಿಲ ಹತ್ತಿರ ತಂದು ಬೆಳಕಿಗೆ ಹಿಡಿಯಿರಿ. ತಿಳಿ ಹುಲ್ಲಿನ ಬಣ್ಣ ಇರಬೇಕು. ಕಂದು ತಿರುಗಿದ್ದರೆ ಗಾಳಿ ತಾಗಿ ಕೆಟ್ಟಿದೆ. ದಿನಬಳಕೆಯ ವೈನ್‌ಗೆ ನಾನು ತಿರುಗಿಸುವ ಮುಚ್ಚಳದ ಬಾಟಲಿಯನ್ನೇ ಹುಡುಕುತ್ತೇನೆ. ಅದು ಕಡಿಮೆ ದರ್ಜೆಯ ಗುರುತು ಎಂದು ಕೆಲವರು ಹೇಳುತ್ತಾರೆ, ಹಾಗೇನೂ ಇಲ್ಲ. ಮಲೆನಾಡಿನ ತೇವಕ್ಕೂ ಬೇಸಿಗೆಗೂ ಅದೇ ಸರಿ. ಕಾರ್ಕ್ ತೆಗೆಯುವ ಸಾಧನ ಹುಡುಕುವ ಗೋಳೂ ಇಲ್ಲ.

ಆಮೇಲೆ ಲೇಬಲ್ ಮೇಲಿನ ವರ್ಷ, ಅಂದರೆ ದ್ರಾಕ್ಷಿ ಕಟಾವಾದ ವರ್ಷ. ಯುರೋಪಿನಲ್ಲಿ ದ್ರಾಕ್ಷಿ ಕಟಾವು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ನಮ್ಮಲ್ಲಿ ವೈನ್ ದ್ರಾಕ್ಷಿಯ ಕಟಾವು ಹೆಚ್ಚಾಗಿ ಜನವರಿಯಿಂದ ಮಾರ್ಚ್. ಅಂದರೆ ಲೇಬಲ್ ಮೇಲೆ ಈ ವರ್ಷ ಎಂದಿದ್ದರೆ, ಆ ಹಣ್ಣು ವರ್ಷದ ಮೊದಲ ತಿಂಗಳುಗಳಲ್ಲೇ ಬುಟ್ಟಿಗೆ ಬಿದ್ದಿದೆ. ಬಿಳಿ ವೈನ್ ಅದೇ ವರ್ಷ ಅಂಗಡಿಗೆ ಬರಬಹುದು. ಈ ಬೆಲೆಯ ಬಿಳಿ ವೈನ್ ಈ ವರ್ಷದ್ದೋ ಹೋದ ವರ್ಷದ್ದೋ ಆಗಿರಲಿ. ಕೆಂಪಿಗೆ ಎರಡು ಮೂರು ವರ್ಷ ಆಗಿದ್ದರೂ ನಡೆಯುತ್ತದೆ. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಸಾವಿರದೊಳಗಿನ ಬಾಟಲಿಗೆ ಅನ್ವಯಿಸುವುದಿಲ್ಲ. ವರ್ಷ ಹಾಕಿಲ್ಲದಿದ್ದರೆ ಹಿಂದಿನ ಲೇಬಲ್‌ನಲ್ಲಿ ಬಾಟಲಿ ತುಂಬಿದ ತಿಂಗಳು ನೋಡಿ.

ಅಂಗಡಿಯವರ ಜೊತೆ ಸ್ವಲ್ಪ ಮಾತಾಡಿದರೂ ಲಾಭವೇ. ನಾನು ಹೋಗುವ ಕಡೆ ಕೌಂಟರಿನ ಹುಡುಗನಿಗೆ ನನ್ನ ಅಭ್ಯಾಸ ಗೊತ್ತಾಗಿದೆ. "ಸಾರ್, ಮುಂದಿಂದು ಬೇಡ, ಮೊನ್ನೆ ಲೋಡ್ ಬಂದಿದೆ. ಒಳಗಿಂದ ತಂದ್ಕೊಡ್ಲಾ?" ಅಂತ ಅವನೇ ಕೇಳುತ್ತಾನೆ. ನನ್ನ ಮಟ್ಟಿಗೆ ಆ ಮಾತಿಗೆ ದೊಡ್ಡ ಬೆಲೆ ಇದೆ.

ಇನ್ನು ವೈನ್‌ಗಳ ವಿಷಯ. ನಮ್ಮ ಮನೆಗೆ ಜಾಸ್ತಿ ಬರುವುದು ನಂದಿ ಬೆಟ್ಟದ ಕಡೆಯ ಗ್ರೋವರ್ ಜಾಂಪಾ. ಕನ್ವಲ್ ಗ್ರೋವರ್ 1988ರಲ್ಲಿ ಶುರು ಮಾಡಿದ ತೋಟ ಅದು. 2012ರಲ್ಲಿ ನಾಸಿಕ್ ಕಡೆಯ ಜಾಂಪಾ ಜೊತೆ ಸೇರಿತು. ಅವರ 'ಆರ್ಟ್ ಕಲೆಕ್ಷನ್' ಸಾಲಿನ ಬಾಟಲಿಗಳ ಮೇಲೆ ಭಾರತೀಯ ಕಲಾವಿದರ ಚಿತ್ರಗಳಿರುತ್ತವೆ. ಆ ಸಾಲಿನ ಕ್ಯಾಬರ್ನೆ ಶಿರಾಜ್, ಅಂದರೆ ಆ ಹೆಸರಿನ ಎರಡು ದ್ರಾಕ್ಷಿ ಸೇರಿಸಿ ಮಾಡಿದ ಕೆಂಪು ವೈನ್, ನನ್ನ ಮೊದಲ ಆಯ್ಕೆ. ಕರಿಮಣಸಿನ ಘಾಟು, ನೇರಳೆ ಹಣ್ಣಿನ ರುಚಿ, ಕೊನೆಗೆ ಸ್ವಲ್ಪ ಒಗರು. ಮಲೆನಾಡಿನವರಿಗೆ ಈ ಒಗರು ಹೊಸದಲ್ಲ, ಹಸಿ ಅಡಿಕೆ ಅಗಿದಾಗ ನಾಲಿಗೆ ಬಿಗಿದುಕೊಳ್ಳುವ ಹಾಗೆಯೇ. ಎರಡರಲ್ಲೂ ಇರುವುದು ಟ್ಯಾನಿನ್ ಎಂಬ ಒಗರಿನ ಅಂಶ. ಅದೇ ಕಂಪನಿಯ 'ಲಾ ರಿಸರ್ವ್' ಇನ್ನೂ ಚೆನ್ನಾಗಿದೆ, ಓಕ್ ಪೀಪಾಯಿಯಲ್ಲಿ ಮಾಗಿಸಿದ್ದು. ಆದರೆ ಅದು ನನ್ನ ಮಿತಿ ದಾಟುತ್ತದೆ.

ಬಿಳಿಯಲ್ಲಿ ಸುಲಾ ಕಂಪನಿಯ ಶೆನಿನ್ ಬ್ಲಾಂ (ಇದೂ ದ್ರಾಕ್ಷಿಯ ಹೆಸರೇ) ನನ್ನ ಹೆಂಡತಿಗೆ ಇಷ್ಟ. ನನಗೂ ಈಗ ಅದೇ ರೂಢಿಯಾಗಿದೆ. ತುಸು ಸಿಹಿ, ಹಿಂದೆಯೇ ಹುಳಿ. ವೈನ್ ಅಭ್ಯಾಸವೇ ಇಲ್ಲದವರಿಗೆ ಮೊದಲ ಲೋಟ ಕೊಡುವುದಾದರೆ ಇದನ್ನೇ ಕೊಡುತ್ತೇನೆ. ನಾಸಿಕ್‌ನ ಈ ಕಂಪನಿಗೆ ನಮ್ಮ ಚನ್ನಪಟ್ಟಣದ ಹತ್ತಿರವೂ ವೈನರಿ ಇದೆ. ಸಿಹಿ ಬೇಡ ಎನ್ನುವವರಿಗೆ ಅವರದ್ದೇ ಸೋವಿನ್ಯೋ ಬ್ಲಾಂ ಇದೆ, ಅದರಲ್ಲಿ ಹಸಿರು ಸೊಪ್ಪಿನ ವಾಸನೆ, ನಿಂಬೆಯ ಚುರುಕು. ಕೆಂಪಿನಲ್ಲಿ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲ್ಲಿ ಕಂಪನಿಯ ಸಾಂಜೊವೇಸೆ ಕೂಡ ಒಳ್ಳೆಯದು. ಸಿಕ್ಕಾಗ ತರುತ್ತೇನೆ.

ಕಡಿಮೆ ಬೆಲೆಯ ವಿದೇಶಿ ಬಾಟಲಿಯ ಆಸೆಗೆ ಬೀಳಬೇಡಿ. ಆಮದು ವೈನ್ ಮೇಲಿನ ಮೂಲ ಸೀಮಾಸುಂಕ ಬಹಳ ಕಾಲ ಶೇ 150 ಇತ್ತು. 2022ರ ಕೊನೆಯಲ್ಲಿ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಿಂದ ಆಸ್ಟ್ರೇಲಿಯಾದ ಕೆಲವು ವೈನ್‌ಗಳಿಗೆ ಸ್ವಲ್ಪ ಇಳಿಯಿತು. ಸುಂಕ, ಸಾಗಣೆ, ರಾಜ್ಯದ ತೆರಿಗೆ ಎಲ್ಲ ಕಳೆದರೆ ಒಳಗಿನ ದ್ರಾಕ್ಷಿರಸಕ್ಕೆ ನೀವು ಕೊಟ್ಟದ್ದು ತೀರಾ ಕಡಿಮೆ. ಅದೇ ದುಡ್ಡಿಗೆ ನಂದಿಯದ್ದು ಎಷ್ಟೋ ಮೇಲು.

'ಪೋರ್ಟ್' ಎಂದು ಬರೆದ ಅಗ್ಗದ ಸಿಹಿ ಬಾಟಲಿಗಳು ನಮ್ಮ ಕಡೆ ಚೆನ್ನಾಗಿ ಓಡುತ್ತವೆ. ಪೋರ್ಚುಗಲ್‌ನ ಡೌರೊ ಕಣಿವೆಯ ಪೋರ್ಟ್‌ಗೂ ಇವಕ್ಕೂ ಸಂಬಂಧವಿಲ್ಲ. ಇಂಥ ಸಿಹಿ ವೈನ್‌ಗಳಲ್ಲಿ ಹಲವನ್ನು ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡುತ್ತಾರೆ. ತಿನ್ನಲು, ಜ್ಯೂಸ್‌ಗೆ ಆ ಹಣ್ಣು ಬಹಳ ಚೆನ್ನ, ಅದಕ್ಕೆ ಭೌಗೋಳಿಕ ಸೂಚಕದ (ಜಿಐ) ಗುರುತೂ ಸಿಕ್ಕಿದೆ. ಊಟದ ಜೊತೆ ಮಾತ್ರ ಆ ಸಿಹಿ ಮುಖಕ್ಕೆ ಹೊಡೆಯುತ್ತದೆ.

ಊಟದ ಜೊತೆ ಎಂದರೆ ನಮ್ಮ ಮಲೆನಾಡಿನ ಊಟ. ನನಗೆ ಅತಿ ಹೆಚ್ಚು ಖುಷಿ ಕೊಟ್ಟಿರುವುದು ಇದೇ ಭಾಗ. ಚೀಸ್, ಪಾಸ್ತಾ ಏನೂ ಬೇಡ. ಮಳೆಗಾಲದ ರಾತ್ರಿ, ಕರಿಮಣಸು ಜಾಸ್ತಿ ಹಾಕಿದ ನಾಟಿ ಕೋಳಿ ಸಾರು, ಬಿಸಿ ಕಡುಬು, ಪಕ್ಕದಲ್ಲಿ ಶಿರಾಜ್. ಸಾರಿನ ಮೆಣಸೂ ವೈನಿನ ಮೆಣಸೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಕೋಳಿಯ ಜಿಡ್ಡಿಗೆ ಒಗರು ತಗ್ಗುತ್ತದೆ. ಆದರೆ ಅದೇ ಸಾರಿಗೆ ಹಸಿಮೆಣಸೋ ಬ್ಯಾಡಗಿಯಲ್ಲದ ಖಾರದ ಒಣಮೆಣಸೋ ಹೆಚ್ಚಾಗಿದ್ದರೆ ಕೆಂಪು ವೈನ್ ತೆಗೆಯಬೇಡಿ. ಟ್ಯಾನಿನ್, ಆಲ್ಕೋಹಾಲ್ ಎರಡೂ ಸೇರಿ ಉರಿಯನ್ನು ಏರಿಸುತ್ತವೆ. ಅಂಥ ಖಾರಕ್ಕೆ ತುಸು ಸಿಹಿ ಇರುವ ಶೆನಿನ್ ಬ್ಲಾಂ ತಣ್ಣಗೆ ಮಾಡಿ ಕುಡಿಯಿರಿ, ನಾಲಿಗೆಗೆ ಸಮಾಧಾನ. ಅಕ್ಕಿ ರೊಟ್ಟಿ, ಕಳಲೆ ಪಲ್ಯಕ್ಕೂ ಅದೇ. ಹುರಿದ ಮೀನಿಗೆ, ಪತ್ರೊಡೆಗೆ ಸೋವಿನ್ಯೋ ಬ್ಲಾಂ. ಅಪ್ಪೆಹುಳಿ ಮಾಡಿದ ದಿನ ನಾವು ಬಾಟಲಿ ತೆರೆಯುವುದೇ ಇಲ್ಲ. ಆ ಹುಳಿಯ ಮುಂದೆ ಯಾವ ವೈನೂ ನೀರು. ಮಿಡಿ ಉಪ್ಪಿನಕಾಯಿಯನ್ನೂ ತಟ್ಟೆಯ ಆ ಕಡೆಗೆ ಸರಿಸಿಡಿ.

ಕೆಂಪು ವೈನ್ ರೂಮಿನ ಬಿಸಿಯಲ್ಲೇ ಕುಡಿಯಬೇಕು ಎಂಬುದು ಚಳಿ ದೇಶದ ಮಾತು. ಅದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿ. ಜುಲೈನಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆ ಹದಿನೈದು ನಿಮಿಷ ಫ್ರಿಜ್‌ನಲ್ಲಿ ಇಟ್ಟರೆ ಸಾಕು. ಏಪ್ರಿಲ್‌ನ ಶಿವಮೊಗ್ಗದಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು. ಇಲ್ಲದಿದ್ದರೆ ಸ್ಪಿರಿಟ್ ವಾಸನೆಯೇ ಮುಂದೆ ಬರುತ್ತದೆ. ಬಿಳಿಗೆ ಎರಡು ಮೂರು ಗಂಟೆ. ತೆರೆದ ಮೇಲೆ ಯಾವ ಬಣ್ಣದ್ದಾದರೂ ಮುಚ್ಚಿ ಫ್ರಿಜ್‌ಗೇ ಹೋಗಬೇಕು. ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಉಳಿದದ್ದನ್ನು ಗಾಳಿ ಕಡಿಮೆ ಇರುವ ಸಣ್ಣ ಬಾಟಲಿಗೆ ತುಂಬಿಟ್ಟರೆ ಇನ್ನೂ ಒಂದು ದಿನ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಸುಮ್ನೆ ಫ್ರಿಜ್ ಬಾಗಿಲು ತೆಗೆಯಬೇಡಿ, ಅಷ್ಟೇ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂದು ನಂಟರಿಷ್ಟರು ಹೇಳುವುದುಂಟು. ಆ ಕಾರಣಕ್ಕೆ ಯಾರೂ ಕುಡಿಯಬೇಡಿ. ಆಲ್ಕೋಹಾಲ್‌ನಲ್ಲಿ ಸುರಕ್ಷಿತ ಪ್ರಮಾಣ ಅನ್ನುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾವು ರುಚಿಗೆ ಕುಡಿಯುತ್ತೇವೆ, ಊಟದ ಜೊತೆ ಒಂದು ಲೋಟ, ವಾರದಲ್ಲಿ ಕೆಲವೇ ದಿನ. ಕುಡಿದ ಮೇಲೆ ಗಾಡಿ ಮುಟ್ಟುವುದಿಲ್ಲ.

ನಮ್ಮೂರಲ್ಲಿ ನನಗೆ ಇನ್ನೂ ಸರಿಯಾಗಿ ಸಿಗದಿರುವುದು 375 ಎಂಎಲ್‌ನ ಅರ್ಧ ಬಾಟಲಿ. ಒಬ್ಬರೇ ಕುಡಿಯುವವರಿಗೆ, ಹೊಸದೊಂದನ್ನು ರುಚಿ ನೋಡುವವರಿಗೆ ಅದೇ ಸರಿಯಾದ ಅಳತೆ. ಕೆಲವು ವೈನರಿಗಳು ಮಾಡುತ್ತವೆ, ಕೇಳುವವರಿಲ್ಲ ಎಂದು ಅಂಗಡಿಯವರು ತರಿಸುವುದಿಲ್ಲ. ನಿಮ್ಮ ಅಂಗಡಿಯಲ್ಲೂ ಕೇಳಿ. ನಾಲ್ಕು ಜನ ಕೇಳಿದರೆ ತರಿಸುತ್ತಾರೆ. ಹಾಗೆಯೇ ಬೇಸಿಗೆ ಮೂರು ತಿಂಗಳಾದರೂ ಬಿಯರ್ ಫ್ರಿಜ್‌ನ ಕೆಳಗಿನ ಒಂದು ಸಾಲನ್ನು ಬಿಳಿ ವೈನ್‌ಗೆ ಬಿಟ್ಟುಕೊಡಿ ಎಂದು ಅವರಿಗೆ ಹೇಳಿ. ನಾನಂತೂ ಹೋದಾಗಲೆಲ್ಲ ಹೇಳುತ್ತಿದ್ದೇನೆ.