ಕಾರ್ಲಾ ಗುಹೆಗೆ ಹೊರಟವರು ಚಿಕ್ಕಿ ಅಂಗಡಿ ನೋಡಿ ಬಂದೆವು: ಸಂಘದವರು ದಯವಿಟ್ಟು ಓದಿ

ಮುಂಬಯಿ, ಪುಣೆಯ ಕನ್ನಡ ಸಂಘಗಳು ಚಳಿಗಾಲ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಲೋಣಾವಳದ ಕಡೆ ಒಂದು ದಿನದ ಶೈಕ್ಷಣಿಕ ಪ್ರವಾಸ ಹೊರಡುತ್ತವೆ. ನೀವೂ ಹೊರಡುವವರಿದ್ದರೆ, ಬಸ್ಸು, ಊಟ, ಗೈಡ್, ಟಿಕೆಟ್ ಎಲ್ಲ ಸೇರಿ ಒಂದೇ ಪ್ಯಾಕೇಜ್ ಎನ್ನುವ ಏಜೆಂಟರ ಕೈಗೆ ಇಡೀ ದಿನವನ್ನು ಒಪ್ಪಿಸಬೇಡಿ. ನವಿ ಮುಂಬಯಿಯ ನಮ್ಮ ಸಂಘದವರಿಂದ ತಲೆಗೆ 1,100 ರೂಪಾಯಿ ತೆಗೆದುಕೊಂಡು ಅಂಥ ಒಬ್ಬ ಏಜೆಂಟ್ ಏನು ತೋರಿಸಿದ ಅಂತ ಹೇಳುತ್ತೇನೆ.

ನಾವು ಹೊರಟಿದ್ದು ಲೋಣಾವಳದ ಹತ್ತಿರದ ಕಾರ್ಲಾ ಗುಹೆಗಳಿಗೆ. ಕಾರಣ ಇತ್ತು. ಅಲ್ಲಿನ ದೊಡ್ಡ ಚೈತ್ಯದ, ಅಂದರೆ ಬೌದ್ಧರ ಪ್ರಾರ್ಥನಾ ಗುಹೆಯ, ಮೊಗಸಾಲೆಯಲ್ಲಿ ಬ್ರಾಹ್ಮಿ ಲಿಪಿಯ ಒಂದು ಪ್ರಾಕೃತ ಶಾಸನ ಇದೆ. ವೈಜಯಂತಿಯ ಸೆಟ್ಟಿ ಭೂತಪಾಲ ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ತಿ ಮಾಡಿಸಿದ ಎಂದು ಅದರಲ್ಲಿದೆ. ಆ ವೈಜಯಂತಿ ಎಂದರೆ ಶಿರಸಿ ಹತ್ತಿರದ ನಮ್ಮ ಬನವಾಸಿ ಎಂದೇ ಹೆಚ್ಚಿನ ವಿದ್ವಾಂಸರು ಗುರುತಿಸುತ್ತಾರೆ. ಕದಂಬರಿಗಿಂತ ಎಷ್ಟೋ ಮೊದಲು ಅಲ್ಲಿನ ವ್ಯಾಪಾರಿಯೊಬ್ಬ ಸಹ್ಯಾದ್ರಿಯ ಈ ಘಟ್ಟಕ್ಕೆ ಬಂದು ಇಷ್ಟು ಖರ್ಚು ಮಾಡಿದ್ದಾನೆ! ಮುಂಬಯಿಯಲ್ಲೇ ಹುಟ್ಟಿದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೇನು ಬೇಕು? ಒಳಗೆ 37 ಕಂಬಗಳಿವೆ. ಕೆಲವು ಕಂಬಗಳ ಮೇಲೆ ಧೇನುಕಾಕಟ ಎಂಬ ಊರಿನ ಯವನರು, ಅಂದರೆ ಗ್ರೀಕ್ ಕಡೆಯ ವಿದೇಶಿಯರು, ಕೊಟ್ಟ ದಾನದ ಬರಹಗಳಿವೆ. ಕಮಾನು ಚಾವಣಿಯ ಮರದ ಪಕ್ಕೆಗಳು ಸುಮಾರು ಎರಡು ಸಾವಿರ ವರ್ಷದಿಂದ ಹಾಗೇ ನಿಂತಿವೆ. ಸಂಘದ ಮೇಷ್ಟ್ರೊಬ್ಬರು ಇದನ್ನೆಲ್ಲ ಮಕ್ಕಳಿಗಾಗಿ ಒಂದು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ ತಂದಿದ್ದರು.

ಬೆಳಿಗ್ಗೆ ಆರೂವರೆಗೆ ನೆರೂಳಿಗೆ ಬರಬೇಕಾಗಿದ್ದ ಬಸ್ಸು ಬಂದಾಗ ಎಂಟು ದಾಟಿತ್ತು. ಅದರಲ್ಲಿ ಎಲ್ಲರಿಗೂ ಸೀಟಿಲ್ಲ. ಮಿಕ್ಕವರಿಗೆಂದು ಒಂದು ಟೆಂಪೊ ಟ್ರಾವೆಲರ್ ತಂದು ನಿಲ್ಲಿಸಿದರು, ಬಿಳಿ ನಂಬರ್ ಪ್ಲೇಟಿನದು. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಪ್ಲೇಟ್ ಇರಲೇಬೇಕು. ಖಾಸಗಿ ಗಾಡಿಯಲ್ಲಿ ದುಡ್ಡು ಕೊಟ್ಟು ಹೋಗುವಾಗ ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ಕೇಳಿದ್ದಕ್ಕೆ ಏಜೆಂಟ್, "ಟೆನ್ಷನ್ ಮತ್ ಲೋ ಅಂಕಲ್, ರೋಜ್ ಕಾ ಗಾಡೀ ಹೈ" ಅಂದ. ಮಕ್ಕಳು ಆಗಲೇ ಹತ್ತಿ ಕಿಟಕಿ ಹಿಡಿದು ಕೂತಾಗಿತ್ತು. ನೀವು ಹಿಂದಿನ ದಿನವೇ ಗಾಡಿ ನಂಬರ್ ತರಿಸಿಕೊಂಡು ಸರಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಫಿಟ್‌ನೆಸ್, ವಿಮೆ ಎಲ್ಲ ಕಾಣುತ್ತದೆ. ನಂಬರ್ ಕೊಡಲು ಸತಾಯಿಸಿದರೆ ಬೇರೆಯವರನ್ನು ಹುಡುಕಿ.

ಘಟ್ಟ ಹತ್ತಿದ ಮೇಲೆ ಶುರುವಾಯಿತು ನೋಡಿ ಅಸಲಿ ಪ್ರವಾಸ. ಮೊದಲು ಲೋಣಾವಳದ ಒಂದು ಚಿಕ್ಕಿ ಅಂಗಡಿ. "ಬರೀ ಹದಿನೈದು ನಿಮಿಷ." ಡ್ರೈವರ್ ಒಳಗೆ ಹೋಗಿ ಚಹಾ ಕುಡಿದು, ಯಾವುದೋ ಪುಸ್ತಕದಲ್ಲಿ ಗಾಡಿ ನಂಬರ್ ಬರೆಸಿ ಬಂದ. ಆಮೇಲೆ ಮೇಣದ ಗೊಂಬೆಗಳ ಮ್ಯೂಸಿಯಂ. ಅದರ ಟಿಕೆಟ್ ಪ್ಯಾಕೇಜಿನಲ್ಲಿಲ್ಲ, ಬೇರೆ ಕೊಡಬೇಕು. ಆಮೇಲೆ ಇನ್ನೊಂದು ಅಂಗಡಿ. ಅಲ್ಲಿ ಫಡ್ಜ್, ಶರಬತ್ತು. ಊಟದ ಹೋಟೆಲೂ ಅವರು ಹೇಳಿದ್ದೇ ಆಗಬೇಕು. ಅಲ್ಲಿ ನಮಗಿಂತ ಮುಂಚೆ ಬಂದ ಬಸ್ಸುಗಳವರು ಸಾಲು ನಿಂತಿದ್ದರು. ಭಾನುವಾರ ಲೋಣಾವಳ ಪೇಟೆಯ ಟ್ರಾಫಿಕ್ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. "ಕಾರ್ಲಾ ಯಾವಾಗ?" ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ, "ಹೋ ಜಾಯೇಗಾ."

ಕಾರ್ಲಾದ ಬುಡಕ್ಕೆ ಬಂದಾಗ ಹೊತ್ತು ಇಳಿಯುತ್ತಿತ್ತು. ಮೇಲೆ ಹೋಗಲು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಚೈತ್ಯದ ಬಾಗಿಲ ಮುಂದೆಯೇ ಏಕವೀರಾ ದೇವಿಯ ಗುಡಿ. ಮೀನುಗಾರ ಕೋಳಿ ಸಮಾಜ, ಆಗ್ರಿ ಸಮಾಜದವರ ಕುಲದೇವಿ. ರಜಾದಿನ ಮೆಟ್ಟಿಲ ತುಂಬ ಜನ. ಸಂಘದ ಹಿರಿಯರಲ್ಲಿ ಅರ್ಧಕ್ಕರ್ಧ ಕೆಳಗೇ ಕೂತರು. ಶಿರಸಿ ಕಡೆಯ ಅಮ್ಮ ಒಬ್ಬರು, "ನೀವು ಹೋಗಿ ಬನ್ನಿ. ನಮ್ಮೂರ ಸೆಟ್ಟಿ ಬರೆಸಿದ್ದನ್ನ ನಾನು ಫೋಟೊದಲ್ಲೇ ನೋಡ್ತೇನೆ" ಅಂದರು. ಫೋಟೊ ತೆಗೆಯುವುದೂ ಆಗಲಿಲ್ಲ. ಏದುಸಿರು ಬಿಡುತ್ತ ಮೇಲೆ ಮುಟ್ಟುವಷ್ಟರಲ್ಲಿ ಗುಹೆಯ ಟಿಕೆಟ್ ಕೌಂಟರ್ ಮುಚ್ಚಿತ್ತು. ಕಾವಲಿನವರ ತಪ್ಪೇನಿಲ್ಲ, ಅವರ ಸಮಯ ಅವರದು.

ಗೈಡ್ ಎಂದು ಬಂದ ಹುಡುಗ ಕಂಬಿಯ ಈಚೆ ನಿಂತು ಮಕ್ಕಳಿಗೆ, "ಇದನ್ನು ಪಾಂಡವರು ಒಂದೇ ರಾತ್ರಿಯಲ್ಲಿ ಕಡೆದರು" ಎಂದ. ಆ ಕಥೆ ಅಲ್ಲಿನ ಭಕ್ತರು ಏಕವೀರಾ ಗುಡಿಯ ಬಗ್ಗೆ ಹೇಳುವುದು, ಅದು ಅವರ ನಂಬಿಕೆ, ಇರಲಿ. ಇವನು ಅದನ್ನೆತ್ತಿ ಬೌದ್ಧ ಚೈತ್ಯಕ್ಕೆ ಅಂಟಿಸಿದ. ಮೇಷ್ಟ್ರು ಕೈಯಲ್ಲಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನನಗೆ ಸಿಟ್ಟು ನೆತ್ತಿಗೇರಿದ್ದು ಆಗಲೇ, ದುಡ್ಡಿನ ವಿಷಯಕ್ಕಲ್ಲ.

ದುಡ್ಡಿನದೂ ಇತ್ತು ಬಿಡಿ. ವಾಪಸು ಬರುವಾಗ ಖಂಡಾಳದ ಹತ್ತಿರ ಗಾಡಿ ನಿಲ್ಲಿಸಿ ಟೋಲ್, ಪಾರ್ಕಿಂಗ್, ಡ್ರೈವರ್ ಭತ್ತೆ ಬೇರೆ ಎಂದು ಪಟ್ಟು ಹಿಡಿದರು. ಕತ್ತಲು, ಮಕ್ಕಳಿಗೆ ನಿದ್ದೆ, ಒಬ್ಬರಿಗೆ ಇನ್ಸುಲಿನ್ ಹೊತ್ತು ಮೀರಿತ್ತು. ಖಜಾಂಚಿ ಕೊಟ್ಟರು. ಮರುದಿನ ಬಿಲ್ ಕೇಳಿದರೆ ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಬಂತು, ಅಷ್ಟೇ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುವುದಕ್ಕೂ ಬಿಲ್ಲು, ಬರಹದಲ್ಲಿ ಒಪ್ಪಿದ ಕಾರ್ಯಕ್ರಮ ಇದ್ದರೆ ಬಲ. ಅದಕ್ಕೇ ಅಡ್ವಾನ್ಸ್ ಹಾಕುವ ಮೊದಲು ಗಾಡಿ ನಂಬರ್, ಟೋಲ್ ಯಾರದು, ಯಾವ ಜಾಗಕ್ಕೆ ಎಷ್ಟು ಗಂಟೆಗೆ, ಎಲ್ಲೆಲ್ಲಿ ನಿಲ್ಲಿಸಬಾರದು ಎಂಬುದನ್ನೆಲ್ಲ ಬರೆಸಿಕೊಳ್ಳಿ.

ಕಾರ್ಲಾಕ್ಕೆ ಹೋಗುವವರು ನೆಟ್ಟಗೆ ಕಾರ್ಲಾಕ್ಕೇ ಹೋಗಿ. ಬೆಳಿಗ್ಗೆಯೇ ಹೋಗಿ. ಚಿಕ್ಕಿ ಸಂಜೆಗೂ ಸಿಗುತ್ತದೆ. ಗುಹೆಗಳ ಟಿಕೆಟ್ ಪುರಾತತ್ವ ಇಲಾಖೆಯದು, ಬೆಲೆ ತೀರ ಕಡಿಮೆ. 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಮಕ್ಕಳ ಟಿಕೆಟ್ ಎಂದು ಯಾರಾದರೂ ಲೆಕ್ಕ ಹೇಳಿದರೆ ಒಪ್ಪಬೇಡಿ. ಗುಂಪು ಸಣ್ಣದಾದರೆ ಬಸ್ಸೇ ಬೇಡ. ಬೆಳಗಿನ ಇಂದ್ರಾಯಣಿ ಎಕ್ಸ್‌ಪ್ರೆಸ್ಸಿಗೆ ಲೋಣಾವಳದಲ್ಲಿ ಇಳಿದು, ಪುಣೆ ಲೋಕಲ್ ಹಿಡಿದು ಮಳವಲಿಗೆ ಬಂದರೆ ಭಾಜೆ ಗುಹೆಗಳು ಒಂದು ಕಡೆ, ಕಾರ್ಲಾ ಇನ್ನೊಂದು ಕಡೆ. ಮಳೆಗಾಲದಲ್ಲಿ ಮಾತ್ರ ಏಜೆಂಟರು ಫಾಲ್ಸ್ ತೋರಿಸುತ್ತೇವೆ ಎಂದರೆ ಖಡಾಖಂಡಿತ ಬೇಡ ಅನ್ನಿ. 2024ರ ಜೂನ್‌ನಲ್ಲಿ ಲೋಣಾವಳದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು.

ಇಷ್ಟನ್ನು ಈಗಲೇ ಬರೆಯಲು ಕಾರಣ, ಅದೇ ಏಜೆಂಟ್ ನಿನ್ನೆ ನಮ್ಮ ಗುಂಪಿಗೇ ಮಹಾಬಳೇಶ್ವರದ ಪ್ಯಾಕೇಜ್ ಕಳಿಸಿದ್ದಾನೆ. ಮೇಲೆ ದಪ್ಪ ಅಕ್ಷರದಲ್ಲಿ 'ಶಾಲೆ, ಸಂಘಗಳಿಗೆ ವಿಶೇಷ' ಎಂದಿದೆ. ಕೆಳಗೆ ನೋಡುವ ಜಾಗಗಳ ಪಟ್ಟಿಯಲ್ಲಿ ಮೊದಲನೆಯದೇ ಸ್ಟ್ರಾಬೆರಿ ಜಾಮ್ ಅಂಗಡಿ.