ಬಿಳಿಚುಕ್ಕೆಗೆ ಉಪ್ಪೋ, ಬಿಸಿಯೋ, ನೀಲಿ ಔಷಧಿಯೋ?

ಬೆಳಿಗ್ಗೆ ಮೀನಿಗೆ ಊಟ ಹಾಕುವಾಗ ಟೆಟ್ರಾದ ಬಾಲದ ಮೇಲೆ ರವೆಯಂಥ ಒಂದೇ ಒಂದು ಚುಕ್ಕೆ ಕಂಡಿತ್ತು. ಸಂಜೆಗೆ ಅದು ಐದಾಗಿ, ಮೀನು ಹೋಗಿ ಹೋಗಿ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಬೆಂಗಳೂರಿನ ಡಿಸೆಂಬರ್, ಹೀಟರ್ ಇಲ್ಲದ ಎರಡಡಿ ಟ್ಯಾಂಕ್, ಹಿಂದಿನ ವಾರವಷ್ಟೇ ತಂದು ನೇರವಾಗಿ ಬಿಟ್ಟ ಹೊಸ ಮೀನುಗಳು. ಅಲ್ಲಿಂದ ಈಚೆಗೆ ಈ ಬಿಳಿಚುಕ್ಕೆ ರೋಗ ನಮ್ಮ ಮನೆಯಲ್ಲಿ ಮೂರು ಸಲ ಕಾಣಿಸಿಕೊಂಡಿದೆ, ಮೂರು ಸಲವೂ ಬೇರೆ ಬೇರೆ ಮದ್ದು ಮಾಡಿದ್ದೇನೆ.

ಮದ್ದುಗಳನ್ನು ತೂಗುವ ಮುಂಚೆ ಈ ಜೀವಿಯ ನಡೆ ತಿಳಿದಿರಬೇಕು. ಇದರ ಹೆಸರು ಇಕ್ತಿಯೋಫ್ಥಿರಿಯಸ್ ಮಲ್ಟಿಫಿಲೀಸ್, ಅಂದರೆ ಬಹುಸಂತಾನದ ಮೀನುಹೇನು. ಚುಕ್ಕೆಯಾಗಿ ಕಾಣುವಾಗ ಅದು ಮೀನಿನ ಚರ್ಮದ ಅಡಿಯಲ್ಲಿ ಕೂತು ಮೇಯುತ್ತಿರುತ್ತದೆ. ನೀರಿಗೆ ಹಾಕಿದ ಔಷಧಿ ಅದಕ್ಕೆ ತಟ್ಟುವುದಿಲ್ಲ. ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ಸುತ್ತ ಕೋಶ ಕಟ್ಟಿಕೊಂಡು ಒಳಗೇ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಹೊರಬಂದು ಎರಡು ದಿನದೊಳಗೆ ಒಂದು ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಈಜುತ್ತಿರುವ ಆ ಹೊತ್ತಿನಲ್ಲಿ ಮಾತ್ರ ನಮ್ಮ ಮದ್ದಿಗೆ ಸಿಗುತ್ತವೆ. ಹಾಗಾಗಿ ಚುಕ್ಕೆ ಮಾಯವಾದ ದಿನ ಮದ್ದು ನಿಲ್ಲಿಸಿದರೆ ಕಾಯಿಲೆ ಮತ್ತೆ ಬರುವ ಸಾಧ್ಯತೆಯೇ ಹೆಚ್ಚು.

ಮೊದಲ ಸಲ ನಾನು ಹಾಕಿದ್ದು ಮಿಥಿಲೀನ್ ಬ್ಲೂ. ಅಂಗಡಿಯಲ್ಲಿ ಕೇಳಿದಾಗ ಕೈಗೆ ಕೊಟ್ಟ ಬಾಟಲಿ ಅದು. ನೇರ ದೊಡ್ಡ ಟ್ಯಾಂಕಿಗೇ ಸುರಿದೆ. ಮೂರನೆಯ ದಿನ ಚುಕ್ಕೆ ಕಡಿಮೆಯಾದಂತಿತ್ತು. ಐದನೆಯ ದಿನ ನೀರು ಮಬ್ಬಾಗಿ, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಟೆಸ್ಟ್ ಕಿಟ್ ಹಾಕಿ ನೋಡಿದರೆ ಅಮೋನಿಯಾ ಏರಿತ್ತು. ಫಿಲ್ಟರ್ ಸ್ಪಾಂಜಿನಲ್ಲಿದ್ದು ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾಗಳನ್ನೂ ಈ ನೀಲಿ ಕೊಲ್ಲುತ್ತದೆ ಎಂದು ನನಗಾಗ ಗೊತ್ತಿರಲಿಲ್ಲ. ಎರಡು ಟೆಟ್ರಾ ಸತ್ತವು. ಅವುಗಳ ಮೈಮೇಲೆ ಚುಕ್ಕೆ ಹೆಚ್ಚೇನೂ ಇರಲಿಲ್ಲ. ಅವನ್ನು ಕೊಂದದ್ದು ಅಮೋನಿಯಾ ಎಂದೇ ನನ್ನ ನಂಬಿಕೆ, ಆ ನೋವು ಇನ್ನೂ ಹೋಗಿಲ್ಲ. ಗಾಜಿನ ಮೂಲೆಯ ಸಿಲಿಕಾನ್ ಇವತ್ತಿಗೂ ನೀಲಿಯಾಗಿಯೇ ಇದೆ. ಈ ಔಷಧಿಯನ್ನು ಬಳಸುವುದಾದರೆ ಬೇರೆ ಬಕೆಟ್‌ನಲ್ಲಿ, ದಿನಾ ನೀರು ಬದಲಿಸುತ್ತಾ ಬಳಸಿ. ದೊಡ್ಡ ಟ್ಯಾಂಕಿಗೆ ಬೇಡವೇ ಬೇಡ.

ಎರಡನೆಯ ಸಲ ಕಲ್ಲುಪ್ಪು. ನಮ್ಮ ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು 50 ಲೀಟರ್. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 100 ಗ್ರಾಂ ತೂಗಿ, ಟ್ಯಾಂಕಿನದೇ ನೀರಿನಲ್ಲಿ ಕರಗಿಸಿ, ಒಂದೂವರೆ ದಿನದಲ್ಲಿ ಮೂರು ಕಂತಾಗಿ ಹಾಕಿದೆ. ಫಿಲ್ಟರ್‌ಗೆ ಏನೂ ಆಗಲಿಲ್ಲ. ಮೋಲಿ ಮೀನುಗಳಂತೂ ಗೆಲುವಾದವು, ಸವಳು ನೀರಿನಲ್ಲೂ ಬಾಳುವ ಜಾತಿ ಅದು. ಕ್ಯಾಬೊಂಬಾ ಗಿಡ ಎಲೆ ಉದುರಿಸಿತು. ತಳದಲ್ಲಿ ಓಡಾಡುವ ಕೋರಿ ಮೀನುಗಳಿಗೆ ಒಗ್ಗಲಿಲ್ಲ, ಜೋರಾಗಿ ಉಸಿರಾಡತೊಡಗಿದವು. ಅವುಗಳಿಗಾಗಿ ಸ್ವಲ್ಪ ನೀರು ತೆಗೆದು ಸಪ್ಪೆ ನೀರು ಸೇರಿಸಿ ಉಪ್ಪಿನಂಶ ಇಳಿಸಬೇಕಾಯಿತು. ಒಂದು ಎಚ್ಚರ: ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಆವಿಯಾದಷ್ಟಕ್ಕೆ ಸಪ್ಪೆ ನೀರನ್ನೇ ತುಂಬಬೇಕು, ಹೊರಚೆಲ್ಲಿದ ನೀರಿನ ಪಾಲಿಗೆ ಮಾತ್ರ ಮತ್ತೆ ಉಪ್ಪು. ಗುಣವಾಯಿತು, ಆದರೆ ನೀರು ತಣ್ಣಗಿದ್ದುದರಿಂದ ಮೂರು ವಾರದ ಹತ್ತಿರ ಹಿಡಿಯಿತು.

ಮೂರನೆಯ ಸಲ ಬಿಸಿ. ನನ್ನ ಮನಸ್ಸು ಗೆದ್ದದ್ದು ಇದೇ. 100 ವ್ಯಾಟಿನ ಹೀಟರ್ ಕೂರಿಸಿ, ಬೆಳಿಗ್ಗೆ ಒಂದು ಡಿಗ್ರಿ, ಸಂಜೆ ಒಂದು ಡಿಗ್ರಿ ಏರಿಸುತ್ತಾ ಮೂರು ದಿನದಲ್ಲಿ 24ರಿಂದ 30ಕ್ಕೆ ತಂದೆ. ಎರಡನೆಯ ದಿನ ಎದೆ ಒಡೆದಂತಾಯಿತು, ಚುಕ್ಕೆಗಳು ಇಳಿಯುವ ಬದಲು ಇಮ್ಮಡಿಯಾಗಿದ್ದವು. ಬಿಸಿಗೆ ಪರೋಪಜೀವಿ ಬೇಗ ಬಲಿಯುತ್ತದೆ, ಹಾಗಾಗಿ ಆಗಲೇ ಚರ್ಮ ಹೊಕ್ಕಿದ್ದವೆಲ್ಲ ಒಟ್ಟಿಗೆ ಉಬ್ಬಿ ಕಾಣುತ್ತವೆ. ಅಲ್ಲಿ ಹೆದರಿ ಹೀಟರ್ ಆರಿಸಬಾರದು. ಆರನೆಯ ದಿನಕ್ಕೆ ಮೈಯೆಲ್ಲ ಸ್ವಚ್ಛ. ಆದರೂ 14 ದಿನ 30ರಲ್ಲೇ ಇಟ್ಟೆ. ಕಳಚಿದ ಕೋಶಗಳು ಕೂರುವುದು ಕಲ್ಲಿನ ಸಂದಿಯಲ್ಲಿ, ಅದಕ್ಕೆ ದಿನಾ ಪೈಪ್ ಇಟ್ಟು ತಳದ ಕೊಳೆ ಎಳೆದೆ. ಈ ಸಲ ಒಂದು ಮೀನೂ ಸಾಯಲಿಲ್ಲ, ಗಿಡಗಳೂ ಉಳಿದವು.

ಬಿಸಿಗೂ ಅದರದೇ ತೊಡಕುಗಳಿವೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30ರಲ್ಲಿ ಏಳೂವರೆ ಅಷ್ಟೇ. ಏರ್ ಪಂಪ್ ಹಗಲೂ ರಾತ್ರಿ ಓಡಲೇಬೇಕು. ಕರೆಂಟ್ ಹೋದರೆ ಇನ್ನೊಂದು ಆತಂಕ. ನಮ್ಮಲ್ಲಿ ಹೀಟರ್ ಇನ್ವರ್ಟರ್ ಲೈನಿನಲ್ಲಿಲ್ಲ, ಒಂದು ರಾತ್ರಿ ನೀರು 28ಕ್ಕೆ ಇಳಿದೇಬಿಟ್ಟಿತು. ದಪ್ಪ ಕಂಬಳಿ ಸುತ್ತಿ ಕಾದೆ. ತಣ್ಣೀರು ಬಯಸುವ ಗೋಲ್ಡ್‌ಫಿಷ್‌ಗೆ ಈ ದಾರಿ ನಾನು ಹೇಳುವುದಿಲ್ಲ, ಅದಕ್ಕೆ ಉಪ್ಪೇ ಸರಿ.

ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಬೆರೆಸಿದ ಹಸಿರು ಔಷಧಿಯನ್ನು ಗೆಳೆಯನೊಬ್ಬನ ಟ್ಯಾಂಕಿನಲ್ಲಿ ನೋಡಿದ್ದೇನೆ. ಬೇಗ ಕೆಲಸ ಮಾಡಿತು. ಆದರೆ ಅದು ವಿಷ, ತಿನ್ನುವ ಮೀನು ಸಾಕುವಲ್ಲಿ ಬಳಸುವಂತಿಲ್ಲ. ಸಣ್ಣ ಮಕ್ಕಳಿರುವ ನಮ್ಮ ಮನೆಯಲ್ಲಿ ಆ ಬಾಟಲಿ ಇಡಲು ನನಗೆ ಮನಸ್ಸಿಲ್ಲ.

ನಾಳೆ ಮತ್ತೆ ಚುಕ್ಕೆ ಕಂಡರೆ ಮೊದಲು ಏರ್ ಪಂಪ್ ಜೋರು ಮಾಡುತ್ತೇನೆ, ಆಮೇಲೆ ಹೀಟರ್, ಜೊತೆಗೆ ಕೋರಿಗಳು ತಡೆಯುವಷ್ಟು, ಲೀಟರಿಗೆ 1 ಗ್ರಾಂ ಉಪ್ಪು. ಹೊಸ ಮೀನುಗಳಿಗೆ ಈಗ ಬಾಲ್ಕನಿ ಬಾಗಿಲ ಪಕ್ಕ 20 ಲೀಟರಿನ ಬೇರೆ ಟಬ್ ಇದೆ. ಮೂರು ವಾರ ಅಲ್ಲಿದ್ದ ಮೇಲೆಯೇ ದೊಡ್ಡ ಟ್ಯಾಂಕಿಗೆ.