ಬ್ಯಾಸಗಿ ಕೈತೋಟಕ್ಕ ಹಸಿರು ಶೇಡ್ ನೆಟ್, 50 ಒಯ್ರಿ 75 ಬ್ಯಾಡ

ಹುಬ್ಬಳ್ಳಿ ನವನಗರದಾಗ ನಮ್ಮ ಮನಿ. ಟೆರೇಸ್ ಮ್ಯಾಲ ಇಪ್ಪತ್ತೆರಡು ಗ್ರೋ ಬ್ಯಾಗು, ಕೆಳಗ ಹಿತ್ತಲದಾಗ ಎರಡು ಸಣ್ಣ ಮಡಿ. ಚಳಿಗಾಲದಾಗ ಯಾರು ಬೇಕಾದ್ರೂ ಬೆಳೀತಾರ ಬಿಡ್ರಿ, ಮೆಂತೆ ಚೆಲ್ಲಿದ್ರ ಮೆಂತೆ, ಮೂಲಂಗಿ ಒಗದ್ರ ಮೂಲಂಗಿ. ಏಪ್ರಿಲ್ ಬಂತು, ಬಿಸಲು 37-38ಕ್ಕ ಹೋಗಿ ಕುಂತಿತು ಅಂದ್ರ ಮುಂಜಾನೆ ನೀರು ಕುಡದ ಗಿಡಾನ ಮಧ್ಯಾಹ್ನ ಹನ್ನೆರಡಕ್ಕ ತಲಿ ಜೋತು ಹಾಕ್ಕೊಂಡು ನಿಂತಿರ್ತಾವ. ಹಂಗಾಗಿ ಶೇಡ್ ನೆಟ್ ತಗೊಂಡೆ, ಎರಡು ಬ್ಯಾಸಗಿ ಬಳಸಿ ಆತು, ಈಗ ಇದ್ದದ್ದು ಇದ್ದಂಗ ಬರೀತೀನಿ, ಯಾರಿಗರೆ ಉಪಯೋಗ ಆದ್ರ ಆಗಲಿ.

ಮೊದಲನೇ ಸಲ ಪ್ಯಾಟ್ಯಾಗಿನ ಒಂದು ಅಂಗಡಿಗೆ ಹೋಗಿ 50 ಪರ್ಸೆಂಟ್ ಕೊಡ್ರಿ ಅಂದೆ. ಅಂವ "ಅಕ್ಕಾರ, 75 ಒಯ್ರಿ, ನೆರಳು ಹೆಚ್ಚಾದಷ್ಟು ಛಲೋ, ಎಲ್ಲಾರೂ ಇದನ್ನ ಒಯ್ತಾರ" ಅಂದ. ನಾನೂ ಹೂಂ ಅಂದೆ, ನನ್ನ ಬುದ್ಧಿಗೆ ಏನಾಗಿತ್ತೋ. ಆ ನಂಬರ್ ಅಂದ್ರ ಎಷ್ಟು ಬೆಳಕು ತಡೀತೈತಿ ಅಂತ ಲೆಕ್ಕ. 75 ಅಂದ್ರ ನೂರರಾಗ ಇಪ್ಪತ್ತೈದು ಪಾಲು ಬೆಳಕು ಅಷ್ಟ ಗಿಡಕ್ಕ ಸಿಗೋದು. ಹದಿನೈದು ದಿನದಾಗ ಟೊಮ್ಯಾಟೊ ಗಿಡ ಉದ್ದಕ, ಸಪೂರ, ಒಂದು ಎಲಿಗೂ ಇನ್ನೊಂದು ಎಲಿಗೂ ನಡುವ ಒಂದು ಗೇಣು ಅಂತರ, ಬಣ್ಣ ನೋಡಿದ್ರ ಕರೀ ಹಸಿರು, ಹೂ ಮಾತ್ರ ಒಂದೂ ಇಲ್ಲ. ನಮ್ಮತ್ತಿ ಮ್ಯಾಲ ಬಂದು ನೋಡಿ "ಇವೇನು ಕತ್ತಲ ಕ್ವಾಣ್ಯಾಗ ಬೆಳದಂಗ ಆಗ್ಯಾವಲ್ಲ" ಅಂದ್ರು. ವಾಪಸ್ ಒಯ್ದೆ, ಕತ್ತರಿಸಿದ ಮಾಲು ತಗೊಳ್ಳಂಗಿಲ್ಲ ಅಂದ್ರು, ಮುಗೀತು ಕತಿ.

ಎರಡನೇದು ಬ್ಯಾರೆ ಅಂಗಡ್ಯಾಗ ತಗೊಂಡೆ, 50ರದ್ದು. ಮೂರು ಮೀಟರ್ ಅಗಲ, ಆರು ಮೀಟರ್ ಉದ್ದ, ಮೀಟರಿಗೆ 95 ರೂಪಾಯಿ ಹಂಗ 570 ಆತು. ಈ ಸಲ ಕೈಯಾಗ ಹಿಡದು ಬೆಳಕಿಗೆ ಒಡ್ಡಿ ನೋಡೇ ತಗೊಂಡೆ, ಎದುರಿಗಿನ ಅಂಗಡಿ ಬೋರ್ಡ್ ಅದರಾಗಿಂದ ಓದಾಕ ಬರಬೇಕು. ಇನ್ನೊಂದು ನೋಡಬೇಕಾದ್ದು ದಾರ. ಚಪ್ಪಟಿ ಪಟ್ಟಿ ಇದ್ದದ್ದಕ್ಕ ಟೇಪ್ ಅಂತಾರ, ಅದು ಸೋವಿ. ದುಂಡಗ ಮೀನಿನ ಗಾಳದ ದಾರದಂಗ ಇದ್ದದ್ದು ಮೊನೊ, ಹೆಚ್ಚು ತಾಳ್ತೈತಿ, ಗಾಳಿನೂ ಸರಾಗ ಆಡ್ತೈತಿ. ನಂದು ಮೊನೊ, ಎರಡು ಬ್ಯಾಸಗಿ ಆದ್ರೂ ಬಣ್ಣ ಸ್ವಲ್ಪ ಮಾಸೇತಿ ಬಿಟ್ರ ಎಲ್ಲೂ ಹರದಿಲ್ಲ. ಹೆಣದ ನೆಟ್ ಆದ್ದರಿಂದ ಕತ್ತರಿ ಹಾಕಿದ್ರೂ ಅಂಚು ಬಿಚ್ಚಂಗಿಲ್ಲ. ನನ್ನ ತಂಗಿ ಆನ್‌ಲೈನ್‌ನಾಗ ರಿಂಗ್ ಹಾಕಿದ ರೆಡಿಮೇಡ್ ಪೀಸ್ ತರಿಸಿದ್ಳು, ಒಂದು ಗಾಳಿಗೆ ರಿಂಗ್ ಎಲ್ಲಾ ಬಟ್ಟಿ ಸಮೇತ ಕಿತ್ತು ಬಂದ್ವು. ರಿಂಗ್ ಬ್ಯಾಡ, ಅಂಚನ್ನ ಎರಡು ಮಡಿಕಿ ಹಾಕಿ ಅದರಾಗ ಬಿದಿರ ಗಳ ತೂರಸ್ರಿ, ಆಮ್ಯಾಲ ಬೈಂಡಿಂಗ್ ವೈರಿನಿಂದ ಬಿಗೀರಿ.

ಫರಕ ಏನು ಬಂತು ಅಂದ್ರ, ನೆಟ್ ಕೆಳಗ ನಿಂತ್ರ ಸೆಕಿ ಸೆಕಿನ, ಏಸಿ ಏನ್ ಆಗಂಗಿಲ್ಲ. ಫರಕ ಮಣ್ಣಿನ್ಯಾಗ. ಮಧ್ಯಾಹ್ನ ಎರಡಕ್ಕ ಬಿಸಲಾಗಿದ್ದ ಬ್ಯಾಗಿನ ಮಣ್ಣಿನ್ಯಾಗ ಬೆರಳು ಇಟ್ಟು ಹತ್ತು ಎಣಸಾಕ ಆಗಲಿಲ್ಲ, ಚುರ್ ಅಂತು, ನೆಟ್ ಕೆಳಗಿನ ಬ್ಯಾಗಿನ್ಯಾಗ ಬೆರಳು ಆರಾಮ ಇತ್ತು, ಒಳಗ ತಂಪು ಇನ್ನೂ ಹಿಡಕೊಂಡಿತ್ತು. ನಮ್ಮ ಓಣಿಗೆ ಮಲಪ್ರಭಾ ನೀರು ವಾರಕ್ಕೊಮ್ಮೆ ಬಂದ್ರ ಪುಣ್ಯ, ಮೊದಲು ಗಿಡಕ್ಕ ಹೊತ್ತು ಹೊತ್ತಿಗೆ ಎರಡು ಸಲ ಹಾಕಬೇಕಿತ್ತು, ಈಗ ಮುಂಜಾನೆ ಒಂದ ಸಲ ಸಾಕಾಗ್ತೈತಿ. ಪೂರ್ತಿ ಶ್ರೇಯ ನೆಟ್‌ಗೆ ಕೊಡಂಗಿಲ್ಲ, ಮಣ್ಣ ಮ್ಯಾಲ ಶೇಂಗಾ ಸಿಪ್ಪಿ ಎರಡು ಬೆರಳು ದಪ್ಪ ಹೊಚ್ಚೀನಿ. ಹಿತ್ತಲದ್ದು ಎರಿಮಣ್ಣು, ಒಣಗಿದ್ರ ಬಿರುಕು ಬಿಟ್ಟು ಹಾಕಿದ ನೀರು ಸೀದಾ ಪಾತಾಳಕ್ಕ ಹೋಗ್ತಿತ್ತು, ಸಿಪ್ಪಿ ಹೊಚ್ಚಿದ ಮ್ಯಾಲ ಬಿರುಕು ಕಡಿಮಿ ಆತು.

ಎಲ್ಲಾ ಗಿಡಕ್ಕೂ ನೆಟ್ ಬೇಕಂತಿಲ್ಲ. ಚವಳಿಕಾಯಿ, ಬೆಂಡಿಕಾಯಿ, ಪುಂಡಿ ಪಲ್ಯ ಇವಕ್ಕ ಬಿಸಲಂದ್ರ ಹಬ್ಬ, ನೆರಳಿಗೆ ಇಟ್ರ ಸಿಟ್ಟಿಗೆದ್ದಂಗ ಮಾಡ್ತಾವ. ಬೆಂಡಿ ನಾ ಅರ್ಕಾ ಅನಾಮಿಕಾ ಹಾಕಿದ್ದೆ, ಹಳದಿ ನರದ ರೋಗ ತಡಕೊಳ್ಳೋ ತಳಿ ಅದು, ಬಯಲಿನ್ಯಾಗ ಇಟ್ಟು ದಿನಾ ಬಿಟ್ಟು ದಿನಾ ಕಾಯಿ ಕೊಯ್ದೀನಿ. ನೆಟ್ ಬೇಕಾದ್ದು ಪಾಲಕ್, ಕೋತಂಬ್ರಿ, ಮತ್ತ ಹೊಸಾ ಅಗಿ ಹಚ್ಚಿದಾಗ. ಮೆಣಸಿನ ಗಿಡಾನೂ ನೆಟ್ ಕೆಳಗ ಇಟ್ಟೀನಿ. ನನ್ನ ತವರುಮನಿ ಬ್ಯಾಡಗಿ ಕಡೆ, ಅಲ್ಲಿ ಮಳಿಗಾಲದಾಗ ಹಚ್ಚಿ ಬ್ಯಾಸಗಿ ಬರೋದ್ರಾಗ ಕಾಯಿ ಹರದು ಮಾರಿ ಕೈ ತೊಳಕೊಂಡಿರ್ತಾರ, ಮೇ ತಿಂಗಳದಾಗ ಮೆಣಸಿನ ಗಿಡಕ್ಕ ಕೊಡಿ ಹಿಡಿಯೋ ಮಳ್ಳಿ ನಾ ಒಬ್ಬಾಕಿನ. ಟೊಮ್ಯಾಟೊ ಬಗ್ಗೆ ಸುಳ್ಳು ಹೇಳಂಗಿಲ್ಲ. ಹಗಲು 35 ದಾಟಿ ರಾತ್ರಿನೂ ಸೆಕಿ ಇಳೀಲಿಲ್ಲಂದ್ರ ಪರಾಗ ಕೆಡ್ತೈತಿ, ಹೂ ಉದರತಾವ, ಅದನ್ನ ನೆಟ್ ಏನೂ ಮಾಡಾಕ ಬರಂಗಿಲ್ಲ. ಗಿಡ ಜೀವ ಹಿಡಕೊಂಡು ಇರ್ತೈತಿ, ಮಳಿ ಬಿದ್ದು ತಂಪಾದ ಮ್ಯಾಲ ಕಾಯಿ ಹಿಡೀತೈತಿ, ಅಷ್ಟ.

ನಾ ಮಾಡಿದ ಇನ್ನೊಂದು ತಪ್ಪು ಅಂದ್ರ ಮೊದಲ ವರ್ಷ ಮಂಗ್ಯಾನ ಕಾಟಕ್ಕ ನಾಲ್ಕೂ ಕಡೆ ನೆಟ್ ಇಳಬಿಟ್ಟು ಕಟ್ಟಿದ್ದೆ. ಹೀರಿಕಾಯಿ ಬಳ್ಳಿ ಒಳಗ ಇತ್ತು. ಹೀರಿ ಹೂ ಅರಳೋದ ಸಂಜಿಕಡೆ, ಹಳದಿ ದೀಪ ಹಚ್ಚಿದಂಗ ಅರಳ್ತಿದ್ವು, ಹೆಣ್ಣ ಹೂವಿನ ಹಿಂದ ಕಿರಿಬೆರಳಿನಷ್ಟು ಕಾಯಿನೂ ಕಾಣ್ತಿತ್ತು, ನಾಕು ದಿನಕ್ಕ ಹಳದಿ ಆಗಿ ಉದುರೋದು. ಗೊಬ್ಬರ ಹಾಕಿದೆ, ಬೇವಿನ ಎಣ್ಣಿ ಹೊಡದೆ, ಆಮ್ಯಾಲ ಗೊತ್ತಾತು ಜೇನು ಒಳಗ ಬರಾಕ ದಾರೀನ ಇಲ್ಲ. ಗಂಡ ಹೂ ಕಿತ್ತು ಹೆಣ್ಣ ಹೂವಿಗೆ ಒರಸಿದ ಮ್ಯಾಲ ಎಂಟು ಕಾಯಿ ಆದ್ವು. ಗಾಳಿ ಇಲ್ಲದ್ದಕ್ಕ ಬದನಿ ಎಲಿ ತಳಕ್ಕ ಕೆಂಪು ನುಸಿನೂ ಹತ್ತಿತ್ತು, ಪೈಪಿನಿಂದ ಎಲಿ ಕೆಳಭಾಗಕ್ಕ ಜೋರಾಗಿ ನೀರು ಬಿಟ್ಟು ತೊಳದು ತೊಳದು ಸಾಕಾತು. ಈಗ ಬರೇ ಮ್ಯಾಲ ಮತ್ತ ಪಡುವಣ ಮಗ್ಗಲಿಗೆ ನೆಟ್, ಉಳಿದದ್ದು ಬಯಲು. ಮಂಗ್ಯಾನ್ನ ಅತ್ತಿ ಕೋಲು ಹಿಡದು ನೋಡ್ಕೋತಾರ.

ಅಡ್ಡಮಳಿ ಗಾಳಿ ಬಗ್ಗೆನೂ ಒಂದು ಮಾತು. ಮೇ ತಿಂಗಳದಾಗ ಒಂದು ಸಂಜಿ ಮಾಡ ಕಟ್ಟಿತು, ನಾವು ಒಣ ಹಾಕಿದ ಅರಿವಿ ತಗಿಯೋ ಗದ್ದಲದಾಗ ನೆಟ್ ಮರತ್ವಿ, ಗಳ ಸಮೇತ ಎದ್ದು ಬಾಜೂ ಮನಿಯವರ ನೀರಿನ ಟಾಕಿ ಮ್ಯಾಲ ಹೋಗಿ ಕುಂತಿತ್ತು. ಈಗ ಒಂದು ಮಗ್ಗಲ ಗಂಟು ಎಳದ್ರ ಬಿಚ್ಚೋ ಹಂಗ ಕಟ್ಟೀನಿ, ಮಾಡ ಕಂಡ ಕೂಡ್ಲೆ ಸುತ್ತಿ ಇಡೋದು. ಜೂನ್‌ದಾಗ ಮಳಿ ಹತ್ತಿತು ಅಂದ್ರ ಪೂರ್ತಿ ತಗದು ತೊಳದು ಇಲಿಗೆ ಸಿಗದಂಗ ಡ್ರಮ್ಮಿನ್ಯಾಗ ಹಾಕಿಡ್ತೀನಿ.

50ರ ಮೊನೊ ನೆಟ್‌ಗೆ ಐದಕ್ಕ ನಾಲ್ಕು ಕೊಡ್ತೀನಿ, ಒಂದು ಕಟ್ ಮಾಡಿದ್ದು ಟೊಮ್ಯಾಟೊ ಹೂ ಉದರೋದನ್ನ ತಡೀಲಿಲ್ಲ ಅಂತ. 75ರದ್ದು ದಂಡ ಅಂದ್ಕೊಂಡಿದ್ದೆ, ಅದನ್ನ ಅತ್ತಿ ಎತ್ತಿಟ್ಕೊಂಡು ಸಂಡಿಗಿ ಮ್ಯಾಲ ಹೊಚ್ಚತಾರ, ಒಣಗಾಕ ಒಂದು ದಿನ ಹೆಚ್ಚು ಹಿಡೀತೈತಿ ಖರೇ, ಆದ್ರ ಕಾಗಿ ಮಾತ್ರ ಸುಳೀವಲ್ದು.